ಹಾಜರಿ

"ನನ್ನ ಎಸರು ಏಮಾವತಿ" ಅಂದಳು
ಶಿಡ್ಲಘಟ್ಟದ ಕಾಲೇಜಿನ ಮೈಕಿನ ಮುಂದೆ.
ಹದಿನೇಳು ಸೆಕೆಂಡಿನ ವಿಡಿಯೋ.
ಮರುದಿನ ಗೂಡಿನ ಹರಾಜು ಮುಗಿಯುವಷ್ಟರಲ್ಲಿ
ಊರೆಲ್ಲ ಅವಳದೇ ಬಾಯಿ.
ಯಾರೋ ಅದಕ್ಕೆ ಕತ್ತೆಯ ಕೂಗು ಸೇರಿಸಿದ್ದರು,
ಚಿಂತಾಮಣಿ ಕಡೆಯವರು ಯಾರೋ ತಮಟೆ.
ಕೆಳಗೆ ಬರೆದವರಿಗೆ ಮುಖವಿರಲಿಲ್ಲ,
ಮುಖದ ಜಾಗದಲ್ಲಿ ಹುಲಿ, ಗುಲಾಬಿ, ದೇವರು.

ನಾನೂ ಒಂದು ನಗು ಒತ್ತಿದ್ದೆ.
ಒಂದೇ ಒಂದು,
ಕಣ್ಣೀರು ಬರುವಂತೆ ನಗುವ ಹಳದಿ ಮುಖ.
ಬಸ್ಸು ಇನ್ನೂ ಬಂದಿರಲಿಲ್ಲ, ಸುಮ್ಮನೆ ನಿಂತಿದ್ದೆ.

ಆಮೇಲೆ ಅವಳು ಹಕಾರದ ಮಾತೆಲ್ಲ ಬಿಟ್ಟಳು.
ಹಾಲು ಬೇಕಾದರೆ ಲೋಟ ತೋರಿಸುವಳಂತೆ.
ಹಸಿವು ಅನ್ನಳು, ಹೊಟ್ಟೆನೋವು ಅನ್ನಳು,
ಹೆದರಿಕೆ ಅನ್ನುವುದಂತೂ ಎಲ್ಲಿಂದ ಬಂತು.
ರಾತ್ರಿ ಮೂರಕ್ಕೂ
ಕಂಬಳಿಯೊಳಗೆ ನೀಲಿ ಬೆಳಕು.

ಅವರಮ್ಮ ಮುನಿಯಮ್ಮ ರೇಷ್ಮೆ ನೂಲು ಬಿಚ್ಚುವವಳು.
ಕುದಿನೀರಲ್ಲಿ ಎಳೆಯ ತುದಿ ಹುಡುಕಿ ಹುಡುಕಿ
ಬೆರಳ ಗೆರೆಗಳೇ ಬೆಂದು ನುಣುಪಾಗಿವೆ.
ಕಂತು ಕಟ್ಟುತ್ತಿರುವ ಫೋನು ಅವಳದೇ,
ಬೆರಳಿಟ್ಟರೆ ಮಾತ್ರ ನೀನಾರೋ ಎನ್ನುತ್ತದೆ.
"ಏನೈತಮ್ಮ ಇದ್ರಾಗೆ? ಮಗಾ ಉಣ್ತಾ ಇಲ್ಲ,
ನೀನಾದ್ರೂ ಯೋಳು" ಅಂದಳು ನನ್ನ ಕೈ ಹಿಡಿದು.
ಅಷ್ಟು ಬಿಸಿ ಕೈ.
ನಾನು ಹೇಳಲಿಲ್ಲ.

ಇವತ್ತು ಕನ್ನಡ ಮೇಷ್ಟ್ರು ಹೆಸರು ಕೂಗಿದರು.
ಕೈ ಎತ್ತಿದಳು.
"ಬಾಯಿ ಬಿಟ್ಟು ಹೇಳಮ್ಮ."
ಹಿಂದಿನ ಬೆಂಚು ಉಸಿರು ಬಿಗಿಹಿಡಿದು ಕಾಯುತ್ತಿತ್ತು.
ಅವಳು ಹೇಳಲೇ ಇಲ್ಲ; ಕೆಂಪು ಶಾಯಿಯಲ್ಲಿ ಗೈರು.
ಮುಂದಿನ ನಂಬರು ನನ್ನದು.
ಎದ್ದು ನಿಂತೆ, ಗಟ್ಟಿಯಾಗಿ "ಆಜರ್" ಅಂದೆ.

ಕ್ಲಾಸೆಲ್ಲ ಗೊಳ್ಳೆಂದಿತು.
ಹೇಮಾ ತಿರುಗಿ ನೋಡಿದಳು,
ನಾನೂ ಅಣಕಿಸುತ್ತಿರುವೆನೋ ಎಂದು,
ಬಹಳ ಹೊತ್ತು.