ಬಹುದು

ಬಹುಮಹಡಿ ಕಟ್ಟಡದ ನಾಲ್ಕನೇ ಅಂತಸ್ತಿನಲ್ಲಿ
ಕಬ್ಬನ್ ಪಾರ್ಕಿಗೆ ಬೆನ್ನು ಹಾಕಿ ಕೂತು
ಇಂಗ್ಲಿಷಿನಲ್ಲಿ ಹುಟ್ಟಿದ ಸರ್ಕಾರಿ ಮಾತಿಗೆ
ಕನ್ನಡದ ಅಂಗಿ ತೊಡಿಸುವುದು ನನ್ನ ಕೆಲಸ.
ಇಪ್ಪತ್ತೆರಡು ವರ್ಷ. ಕುರಿ ವಿಮೆ, ಕಬ್ಬಿನ ದರ,
ಚರಂಡಿ ಹೂಳೆತ್ತುವ ಸುತ್ತೋಲೆ.
ಈ ಸಲ ಸಮುದ್ರ ಬಂದಿದೆ, ಕೆಂಪು ದಾರ ಕಟ್ಟಿಸಿಕೊಂಡು,
ನೂರಾ ನಲವತ್ತು ಪುಟ.

ಒಂದು ಪದಕ್ಕೇ ಸೋಮವಾರ ಮುಗಿಯಿತು.
ಬೆಳಕು ಇಳಿಯದ ಆಳದಲ್ಲಿ, ನೀರಿನ ಭಾರಕ್ಕೆ,
ಚಳಿಗೆ, ಹೆಪ್ಪಾದ ಮಂಜು
ತನ್ನ ಗೂಡುಗಳೊಳಗೆ ಮೀಥೇನನ್ನು ಕೂಡಿಹಾಕುತ್ತದಂತೆ.
ಅದಕ್ಕೆ ಏನನ್ನೋಣ? ನಿಘಂಟಿಗೆ ಗೊತ್ತಿಲ್ಲ.
'ಉರಿಮಂಜು' ಎಂದು ಬರೆದೆ.
ಹಾಲಸ್ವಾಮಿ ಸಾಹೇಬರು ಕನ್ನಡಕ ಹಣೆಗೇರಿಸಿ,
'ಏನಮ್ಮ, ಕಡತದಲ್ಲಿ ಕವಿತೆ ಶುರುವಾಯ್ತಾ?'

ವರದಿ ಬರೆದವರಲ್ಲಿ ಒಬ್ಬಾಕೆ, ತ್ರಿವೇಣಿ ಕುಲಾಲ್,
ಸಂಶಯ ಬಿಡಿಸಲು ಬಂದಳು. ಹಡಗಿನ ಕಥೆ ಹೇಳಿದಳು:
'ಕೊಳವೆಯಲ್ಲಿ ಕೆಸರು ಮೇಲೆ ಬಂತು ನೋಡಿ,
ಬಾಣಲೆಗೆ ಸಾಸಿವೆ ಬಿದ್ದ ಹಾಗೆ ಚಟಪಟ.
ಒಂದು ತುಂಡು ಕೈಗವಸಿನ ಮೇಲಿಟ್ಟು ಕಡ್ಡಿ ಗೀರಿದೆವು.
ಮಂಜು ಹತ್ತಿಕೊಂಡಿತು ಮಾರಾಯ್ರೆ, ಕೆಳಗೆ ಕೈ ಒದ್ದೆ.'

ನೆಲ ನಡುಗಿದರೆ? ಎಂದೆ.
ಮೇಜಿನ ಮೇಲಿದ್ದ ಕಡತದ ರಾಶಿಯನ್ನು ಒಂದಿಷ್ಟು ಓರೆ ಮಾಡಿ
ಮುಷ್ಟಿಯಿಂದ ಮೇಜಿಗೆ ಗುದ್ದಿದಳು.
ಕುರಿ ವಿಮೆ ಮೊದಲು ಜಾರಿತು.
'ಕಡಲಡಿಯ ಇಳಿಜಾರೂ ಹೀಗೆ. ನೀರು ಬಿಸಿಯಾದಷ್ಟೂ ಸಡಿಲ.
ಆಮೇಲೆ ಎಷ್ಟು ಗಾಳಿಗೆ ಬರುತ್ತೋ, ಎಷ್ಟನ್ನು ಕಡಲೇ ನುಂಗುತ್ತೋ
ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ "ಬಹುದು" ಅಂತ ಹಾಕಿದ್ದು.
ಅದನ್ನು ತೆಗೀಬೇಡಿ.'

ತೆಗೆಯಲಿಲ್ಲ.
ಪುಟ ತೊಂಬತ್ತೇಳು: ಇಳಿಜಾರು ಕುಸಿಯಬಹುದು.
ಪುಟ ತೊಂಬತ್ತೆಂಟು, ಬೇರೆ ಯಾರದೋ ಕೈ:
ಈ ಅನಿಲವನ್ನು ದೇಶದ ಒಲೆಗಳಿಗಾಗಿ ಹೊರತೆಗೆಯಬಹುದು.
ಅದೇ ಬಾಲ. ಒಂದು ಕಡೆ ಅಳುಕು,
ಮಗ್ಗುಲಲ್ಲೇ ಅಪ್ಪಣೆ.
ಮೂಲದಲ್ಲೂ ಹಾಗೇ ಇತ್ತೋ, ಇಲ್ಲ ನನ್ನ ಭಾಷೆಯೇ
ಎರಡನ್ನೂ ಒಂದೇ ಲೋಟದಲ್ಲಿ ಕುಡಿಸುತ್ತದೋ,
ಊಟದ ಹೊತ್ತು ಮೀರಿದರೂ ಬಗೆಹರಿಯಲಿಲ್ಲ.

ಗುರುವಾರ ಮೇಲಿನಿಂದ ಚೀಟಿ:
'ಕಡಲು ಬಿಸಿಯಾಗುತ್ತಿದೆ' ಎಂಬಲ್ಲಿ
'ಬಿಸಿಯಾಗುತ್ತಿರಬಹುದು' ಎಂದು ಓದಿಕೊಳ್ಳತಕ್ಕದ್ದು.
'ಇನ್ನೂರು ವರ್ಷ ಉಂಡು ತೇಗಿದವರು
ನಮಗೆ ಉಪವಾಸ ಹೇಳ್ತಾರೆ. ಅವರೆದುರು
ನಾವ್ಯಾಕೆ ಮೊದಲು ಒಪ್ಕೋಬೇಕು?' ಎಂದರು ಸಾಹೇಬರು.
ಸುಳ್ಳೇನಲ್ಲ ಅದು. ಉಂಡೆದ್ದವರ ಮೇಲೆ ನನಗೂ ಸಿಟ್ಟಿದೆ.
ಆದರೆ ಥರ್ಮಾಮೀಟರಿಗೆ ಪಂಕ್ತಿಭೇದ ತಿಳಿಯದು.

ಸಂಜೆ ಬಸ್ಸು. ವರ್ತೂರು ಕೆರೆಯ ಕೋಡಿ.
ಕಪ್ಪು ನೀರು ಬುಳುಬುಳು ಗುಳ್ಳೆ ಬಿಡುತ್ತಿತ್ತು,
ಹಳಸಿದ್ದನ್ನೆಲ್ಲ ತಿಂದು ಮಲಗಿದವರ ಹೊಟ್ಟೆಯ ಹಾಗೆ.
ನೊರೆಯ ತುಣುಕೊಂದು ಕಿಟಕಿಯಿಂದ ಒಳಬಂದು
ನನ್ನ ಚೀಲದ ಮೇಲೆ ಕೂತಿತು.
ಕಂಡಕ್ಟರ್ ನೋಡಿದ. ಚಿಲ್ಲರೆ ಕೇಳಿದ.

ಬೆಳಗಿನ ಜಾವ ಸಿಂಕಿನಲ್ಲಿ ಲೋಟಗಳು
ತಮ್ಮಷ್ಟಕ್ಕೆ ತಾವೇ ಕಿಣಿಗುಟ್ಟಿದವು.
ಮೂರೋ ನಾಲ್ಕೋ ಕ್ಷಣ.
ನೈಟಿ, ಲುಂಗಿ, ಮಗು, ನಾಯಿ, ಎಲ್ಲ ಗೇಟಿನ ಹತ್ತಿರ.
ಮೆಟ್ರೋ ಸುರಂಗ ಇರಬಹುದು.
ಕಲ್ಲುಕ್ವಾರಿ ಇರಬಹುದು.
ಯುದ್ಧವಿಮಾನ ಇರಬಹುದು, ಎಚ್‌ಎಎಲ್ ಕಡೆ.
ಹಾಲಿನವನು ಬಂದ. ಎಲ್ಲರೂ ಒಳಗೆ ಹೋದರು.

ಕಚೇರಿಯಲ್ಲಿ ಕಬ್ಬಿಣದ ಬೀರು
ಗೋಡೆಯಿಂದ ಒಂದು ಬೆರಳು ಮುಂದೆ ಬಂದಿತ್ತು.
ಹಿಂದೆ ಅದರ ಹಳೆಯ ಜಾಗ, ಧೂಳಿಲ್ಲದ ತೆಳು ಗೆರೆ.
'ಗುಡಿಸೋ ಮುನಿಲಕ್ಷ್ಮಮ್ಮ ಸರಿಸಿರಬಹುದು' ಎಂದರು ಸಾಹೇಬರು.
ಮುನಿಲಕ್ಷ್ಮಮ್ಮ ಆರು ದಿನದಿಂದ ರಜೆ.
ಕುಕ್ಕರುಗಾಲಲ್ಲಿ ಕೂತು, ಪೆನ್ನು ತೆಗೆದು,
ಗೆರೆಯ ಪಕ್ಕ ನೆಲದ ಮೇಲೆ
ತಾರೀಕು ಬರೆದೆ.