ಮೂಗಿಗೆ ವಿಕ್ಸ್

ಕೌಲ್ ಬಜಾರಿನ ಜೀನ್ಸ್ ಶೆಡ್ಡಿನ ಹಿಂದೆ
ಬಿಳಿ ಮೊಲ ಈದು ಎದ್ದುಹೋಯಿತು,
ಎದೆಯ ತುಪ್ಪಳ ಒಂದೆಳೆಯೂ ಕೀಳದೆ.
ತಂತಿಬಲೆಯ ಮೇಲೆ ಐದು,
ಸುಲಿದ ಶೇಂಗಾದಂತೆ ಕೆಂಪಗೆ.
ಒಂದು ಆಗಲೇ ತಣ್ಣಗಿತ್ತು.

‘ಬೂದಿ ಮೊನ್ನೆ ಮೂರು ಈದೈತಿ,’
ಕಾಜಾ ಬಿಟ್ಟು ಎದ್ದಳು ಹುಸೇನಮ್ಮ.
ಬೂದಿಯ ಗೂಡಿನ ಹುಲ್ಲು, ಉದುರಿದ ಕೂದಲು
ಬೆರಳಲ್ಲಿ ತೀಡಿ ತೀಡಿ
ನಾಲ್ಕಕ್ಕೂ ಹಚ್ಚಿದಳು ಬೇರೆ ಮನೆಯ ವಾಸನೆ.
ಆಮೇಲೆ ಬೂದಿಯನ್ನು ಸೆರಗಲ್ಲಿ ಅವುಚಿ
ಮೂಗಿನ ತುದಿಗೆ ಚೂರೇ ಚೂರು ವಿಕ್ಸ್.
ಸೀನಿತು. ನಾವು ನಕ್ಕೆವು.
‘ಹುಶ್,’ ಅಂದಳು, ‘ಹಗಲು ಕುಡಿಸಂಗಿಲ್ಲ ಅದು.
ಕಾಯಬ್ಯಾಡ್ರಿ.’

ಕಾದೆವು.
ರಾತ್ರಿ ಕರೆಂಟು ಹೋಗಿ
ಮಷೀನುಗಳೆಲ್ಲ ಒಮ್ಮೆಗೇ ಬಾಯಿ ಮುಚ್ಚಿದಾಗ
ಕೇಳಿಸಿತು, ಪೆಟ್ಟಿಗೆಯೊಳಗೆ
ಸಣ್ಣ ಚಪ್ಪರಿಕೆ.

ಬೆಳಿಗ್ಗೆ ಅಂಗೈಯಲ್ಲಿ ಮಗುಚಿ ನೋಡಿದೆ:
ಆರು ಹೊಟ್ಟೆ ಹಾಲಿಗೆ ಬಿಗಿದಿದ್ದವು,
ಏಳನೆಯದು ಇನ್ನೂ ಸುಕ್ಕು.
ಬೂದಿಯನ್ನು ಅಂಗಾತ ಹಿಡಿದು
ಅದರ ಬಾಯಿ ಮೊಲೆಗಿಟ್ಟಳು ಹುಸೇನಮ್ಮ.
ಯಾವುದು ಹೆತ್ತದ್ದು, ಯಾವುದು ತಂದದ್ದು,
ಗುರುತಿಗೆ ಕಟ್ಟಬೇಕೆಂದಿದ್ದ ನೀಲಿ ನೂಲು
ಅವಳ ಬೆರಳಿಗೇ ಸುತ್ತಿಕೊಂಡಿತ್ತು.

ಪಕ್ಕದ ಪಂಜರದಲ್ಲಿ ಬಿಳಿ
ಕುದುರೆಮೆಂತೆ ಅಗಿಯುತ್ತಿತ್ತು.
ಅದನ್ನು ಯಾರೂ ಬೈಯಲಿಲ್ಲ,
ಮೊದಲ ಬಾಣಂತನ.