ಒಬ್ಬರಿಗೆ ನಾಲ್ಕು ಟೈರು

ಎಲ್ಡನ್ ಫ್ರೀಸನ್ ಕೇಳುವುದು ಪ್ರತಿ ವರ್ಷ ಒಂದೇ:
‘ಎಷ್ಟು ದಿನ ಬಾಳಬೇಕು?’
ಚಪ್ಪಲಿ ಅಂಗಡಿಯವನ ಹಾಗೆ.
ನಾನು ಹೇಳುವುದೂ ಒಂದೇ:
‘ಬಾಳದಿದ್ದರೂ ಸರಿ, ಹಿಡಿಯಲಿ.’

ಗೋಡೆಯಿಂದ ಒಂದನ್ನಿಳಿಸಿ
ಮಗ್ಗುಲಿನ ಅಂಕಿ ತೋರಿಸಿದ: ಇನ್ನೂರು.
ಇದಕ್ಕಿಂತ ಮೆತ್ತಗಿನದು ಕ್ಲಬ್ಬಿಗೆ ಆಗದು,
ಇದಕ್ಕಿಂತ ಗಟ್ಟಿಯದು ನನಗೆ.
ಇನ್ನೂರರಲ್ಲೂ ಎರಡು ಜಾತಿ.
ಒಂದಕ್ಕೆ ಬಿಸಿಯೇರಲು ಎರಡು ಸುತ್ತು ಬೇಕು,
ಏರಿದ ಮೇಲೆ ಇಪ್ಪತ್ತು ನಿಮಿಷ ಸೋಲದು.
ಇನ್ನೊಂದು, ಗೆರೆ ದಾಟುವಷ್ಟರಲ್ಲೇ
ನೆಲವನ್ನು ಕಚ್ಚುತ್ತದೆ,
ಮೂರನೇ ಸುತ್ತಿಗೆ ಬೆಣ್ಣೆ.

‘ಹೋದ ಸಲದ್ದೇ ಕೊಡಲೇ, ಓರೀಸಿಯಾ?’

ಹೋದ ಸಲದ್ದು ಇಬ್ಬರ ಟೈರು.
ನಾನಿಳಿದರೆ ತಮ್ಮ ಹತ್ತುತ್ತಿದ್ದ,
ಸೀಟನ್ನು ಆರಂಗುಲ ಹಿಂದೆ ತಳ್ಳಿ,
ಬಾಗಿಲ ಮೇಲಿನ ನಂಬರು ಕಿತ್ತು ತನ್ನದನ್ನಂಟಿಸಿ.
ಆರಲು ಪುರುಸೊತ್ತೇ ಇಲ್ಲ ಟೈರಿಗೆ.
ಜುಲೈಯಲ್ಲಿ, ಹೂಗಿಡಕ್ಕೆ ಹೊಡೆಯುವ ಪಂಪಿನಿಂದ
ನೀರು ಚಿಮುಕಿಸಿ ತಣಿಸುತ್ತಿದ್ದೆವು.
ಮೊದಲ ಓಟ ನನ್ನದು, ಹಾಗಾಗಿ ತಂಗಳು ನನ್ನ ಪಾಲು,
ಕಾದದ್ದು ಅವನದು.
ಹನ್ನೆರಡು ವರ್ಷ ಇದೇ ಜಗಳ,
ಸೆಕೆಂಡಿನ ಸಾವಿರದೊಂದು ಭಾಗಕ್ಕೆ.

ಈಗ ತಾರಸನ ನೋಟದ ನಟ್ಟನಡುವೆ ಒಂದು ಕಲೆ.
ಕೋನಿನತ್ತ ನೋಡಿದರೆ ಕೋನಿಲ್ಲ,
ಪಕ್ಕದ ಹುಲ್ಲಿದೆ.
ಲೈಸೆನ್ಸನ್ನು ಯಾರೂ ಕೇಳುವ ಮೊದಲೇ
ಕೌಂಟರಿನ ಮೇಲಿಟ್ಟು ಬಂದ.

ಎಲ್ಡನ್‌ಗೆ ಇದನ್ನೆಲ್ಲ ಹೇಳಲಿಲ್ಲ.
‘ಬೇಗ ಎಚ್ಚರಾಗುವುದು ಕೊಡು’ ಎಂದೆ,
‘ಓಡಿಸುವುದು ಒಬ್ಬಳೇ.’
ಬಿಲ್ಲಿನ ಮೇಲೆ ಪೆನ್ನು ಒಂದು ಗಳಿಗೆ ನಿಂತಿತು.
ಒಂದಂಗುಲ ಅಗಲದ್ದಕ್ಕೆ ಆಸೆಪಟ್ಟೆ.
ಹಾಸಿಗೆಯಿದ್ದಷ್ಟೇ ಕಾಲು,
ರಿಮ್ಮಿದ್ದಷ್ಟೇ ಟೈರು, ಎಂಬಂತೆ
ತಲೆಯಾಡಿಸಿದ.

ಅದು ಮಾರ್ಚ್. ಹೊರಗೆ ಮೈನಸ್ ಹದಿನೆಂಟು.
ಇಂಥ ಚಳಿಗೆ ಈ ರಬ್ಬರು ಗಾಜಿನ ಹಾಗೆ ಸೀಳುತ್ತದೆ.
ಸ್ಕೂಲ್ ಬಸ್ಸಿನ ಪಾಳಿ ಮುಗಿಸಿ ಬಂದು
ನಾಲ್ಕನ್ನೂ ಅತಿಥಿಗಳ ಕೋಣೆಗೆ ಉರುಳಿಸಿದೆ,
ಅಮ್ಮನ ಕೌದಿ ಹೊದಿಸಿದೆ.
ಈಸ್ಟರಿಗೆ ಬಂದ ಸೋದರತ್ತೆ
ಎರಡು ರಾತ್ರಿ ಅವುಗಳ ಪಕ್ಕ ಮಲಗಿ
‘ನಿಮ್ಮನೆಯಲ್ಲಿ ಏನೋ ಸುಟ್ಟ ವಾಸನೆ’ ಅಂತ
ಊರೆಲ್ಲ ಹೇಳಿದಳು.

ಮೇ. ಸಸ್ಕಾಚೆವನ್ನಿನ ಗೋಧಿಬಯಲ ಮಧ್ಯೆ
ಯುದ್ಧಕಾಲದ ರನ್‌ವೇ.
ಬಿರುಕು ಬಿರುಕಿನಲ್ಲೂ ಕಾಡುಸಾಸಿವೆ.
ನಾಲ್ಕು ಡಿಗ್ರಿ, ಜೊತೆಗೆ ಗಾಳಿ.
ಮೊದಲ ತಿರುವಿಗೇ ಹಿಡಿಯಿತು!
ಎರಡನೆಯದರಲ್ಲಿ ಹೊಟ್ಟೆಯೊಳಗಿನದೆಲ್ಲ ಒಂದು ಬದಿಗೆ.
ಮೂರನೆಯದಕ್ಕೆ ನಾನೇ ಜಾಸ್ತಿ ಕೇಳಿದೆ,
ಅದು ಕಿರುಚಿತು.
ಒಂದು ಕೋನು ಉರುಳಿತು, ಎರಡು ಸೆಕೆಂಡು ದಂಡ.

ನಿಲ್ಲಿಸುವಷ್ಟರಲ್ಲಿ ತಾರಸ್ ಮಡಿಸುವ ಕುರ್ಚಿ ಬಿಟ್ಟೆದ್ದು ಬಂದ,
ಬಾನೆಟ್ಟಿನಂಚು ತಡವುತ್ತ, ಮೊಣಕಾಲೂರಿದ.
ಮುಂದಿನ ಟೈರಿಗೆ ಮೂರು ಬೆರಳು:
ಒಳ ಅಂಚು, ನಡು, ಹೊರ ಅಂಚು.
ನಾಡಿ ನೋಡುವವನ ಹಾಗೆ ಬಾಯಿ ಅರೆ ತೆರೆದು.
‘ಹೊರಗಡೆ ಕುದಿಯುತ್ತಿದೆ, ಒಳಗಡೆ ಇನ್ನೂ ನಿದ್ದೆ.
ಎರಡು ಪೌಂಡು ಗಾಳಿ ಹಾಕು.
ಮೂರನೇ ತಿರುವಿನಲ್ಲಿ ಸ್ಟೀರಿಂಗ್ ಹಿಂಡಬೇಡ.
ಅದರ ಗೋಳು ಇಲ್ಲಿಗೆ ಕೇಳಿಸಿತು.’

ಗಾಳಿ ಹಾಕಿದೆ.
ಮುಂದಿನ ಸರದಿಗೆ ಇನ್ನೂ ಹತ್ತು ಕಾರು.
‘ಎಷ್ಟಾಯ್ತು?’
ದಂಡ ಬಿಟ್ಟು ಹೇಳಿದೆ.
‘ನನ್ನದಕ್ಕಿಂತ ನಿಧಾನ’ ಎಂದ,
ಕಂಕುಳಿನಿಂದ ಅಮ್ಮನ ಕೌದಿ ತೆಗೆದು
ಟೈರಿಗೆ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸುತ್ತ.